ಶಿವದಾರದ ಕೆಳಗಿನ ಗುಳಿ

ಇಂದು ಬೆಳಿಗ್ಗೆ ಲಿಂಗದ ಕರಡಿಗೆಗೆ ಹೊಸ ಶಿವದಾರ ಪೋಣಿಸಿ ಕೊರಳಿಗೆ ಹಾಕಿಕೊಂಡೆ. ಹೊಸ ದಾರಕ್ಕೆ ಹತ್ತಿಯದೇ ಒಂದು ವಾಸನೆ. ಸರಿಪಡಿಸಿಕೊಳ್ಳುವ ನೆಪದಲ್ಲಿ ಬೆರಳು ಎಡಗಡೆಯ ಕೊರಳೆಲುಬಿನ ಮೇಲಿನ ಗುಳಿಗೆ ಇಳಿಯಿತು. ಈಚೆಗೆ ಬೆರಳಿಗೆ ಇದೊಂದು ಚಟ. ನೀವೂ ಒಮ್ಮೆ ಮುಟ್ಟಿ ನೋಡಿಕೊಳ್ಳಿ. ಒಂದು ಚಮಚ ಎಣ್ಣೆ ನಿಲ್ಲುವಷ್ಟು ತಗ್ಗು. ಆ ತಗ್ಗಿಗೂ ಹೊಟ್ಟೆಗೂ ನಂಟಿದೆಯೆಂದು ನನಗೆ ತಿಳಿದದ್ದು ನಮ್ಮ ಅತ್ತೆಯಿಂದ.

ಹುಕ್ಕೇರಿಯಿಂದ ಮೂಡಲಗಿಗೆ ನಾನು ಸೊಸೆಯಾಗಿ ಬಂದಾಗ ದೇಶಕ್ಕೆ ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿರಲಿಲ್ಲ, ನನಗೆ ರೊಟ್ಟಿ ಬಡಿಯಲೂ ಬಂದಿರಲಿಲ್ಲ. ಮಾವ ನನ್ನ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಎಲ್ಲಿಂದ ಶುರು ಮಾಡಬೇಕೆಂದು ಕೇಳುತ್ತಿದ್ದರು. ಅತ್ತೆ ಅದನ್ನು ತಿನ್ನುವ ದಿನಗಳೇ ಕಡಿಮೆ. ಸೋಮವಾರದ ಉಪವಾಸ ಮೊದಲಿನಿಂದ ಇತ್ತು. ಆ ವರ್ಷ ಗುರುವಾರ ಸೇರಿತು, ಅಮಾವಾಸ್ಯೆ ಸೇರಿತು, ಆಮೇಲೆ ಏಕಾದಶಿಯೂ ಬಂತು. ಲಿಂಗವಂತರ ಮನೆಗೆ ಏಕಾದಶಿ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. "ನಮ್ಮತ್ತಿಯಂಥ ಭಕ್ತರು ಯಾರದಾರವ್ವ!" ಎಂದು ನಾನು ಬಾವಿಯ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಅದೇ ದಿನಗಳಲ್ಲಿ ಅವರ ಎಡಗಡೆಯ ಗುಳಿಯಲ್ಲಿ ಕಡಲೆಕಾಳಿನಷ್ಟು ಗಂಟು ಕಾಣಿಸಿತು. ಸರಿಯಾಗಿ ಶಿವದಾರ ಹಾಯ್ದುಹೋಗುವ ಜಾಗ.

"ಬೆಳ್ಳಿ ಕರಡಗಿ ವಜ್ಜಾ ಐತಿ, ದಾರ ತಿಕ್ಕಿ ಗಂಟಾಗೇತಿ," ಎಂದರು ಮಾವ.

ನೊಗದಡಿ ಎತ್ತಿನ ಹೆಗಲು ಜಡ್ಡುಗಟ್ಟುವುದನ್ನು ದಿನಾ ಕಾಣುವವರಿಗೆ ಅದು ಖರೆಯೆನಿಸಿತು. ಮೆತ್ತನೆಯ ರೇಷ್ಮೆ ದಾರ ತಂದರು. ಗಂಟು ಹುಣಸೆಬೀಜದಷ್ಟಾಯಿತು. ಕೊನೆಗೆ ಮೂವರೂ ಬಸ್ಸು ಹತ್ತಿ ಗೋಕಾಕಕ್ಕೆ ಹೋದೆವು.

ಅಲ್ಲಿಯ ಡಾಕ್ಟರು ಕೊರಳಿನದನ್ನು ತೆಗೆದಿಡಲು ಹೇಳಿದರು.

"ಅದೊಂದು ಆಗೂದಿಲ್ರಿ," ಎಂದರು ಅತ್ತೆ. "ಮಣ್ಣಾಗ ಇಟ್ಟರೂ ಅದು ನನ್ನ ಕೂಡನ ಬರೂದು."

ಡಾಕ್ಟರು ತಮ್ಮ ಅಂಗೈ ಚಾಚಿ ತೋರಿಸಿದರು. "ಪೂಜಿಗೆ ಕೈಯಾಗ ಹಿಡಿತೀರಲ್ರಿ? ಹಂಗ ಹಿಡಕೊಂಡು ಕುಂಡ್ರಿ."

ಅತ್ತೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ದಾರ ಸಡಿಲಾಯಿತು. ಡಾಕ್ಟರು ಹಿಂದೆ ನಿಂತು ಗುಳಿಯೊಳಗೆ ಬೆರಳಿಟ್ಟು ಬಹಳ ಹೊತ್ತು ತಡವಿದರು. ಆಮೇಲೆ ಕೇಳಿದ್ದು ಕೊರಳಿನ ಮಾತಲ್ಲ.

"ಊಟ ಸೇರತೈತೇನ್ರಿ ಅವ್ವಾರ?"

ಲಿಂಗ ಕೈಯಲ್ಲಿರುವಾಗ ನಮ್ಮ ಅತ್ತೆ ಸುಳ್ಳಾಡುವವರಲ್ಲ.

"ಇಲ್ರಿ. ನಾಕ ತುತ್ತಿಗೆ ಹೊಟ್ಟಿ ಕಟ್ಟಿದಂಗ ಆಗತೈತಿ. ಮನ್ಯಾಗ ಗಾಬರಿ ಆಗ್ತಾರಂತ ಉಪವಾಸ ಅನಕೋತ ಬಂದೇನಿ."

ನನ್ನ ಜಂಬವೆಲ್ಲ ಅಲ್ಲೇ ಇಳಿಯಿತು. ಕಣ್ಣು ತೆರೆದ ಅತ್ತೆಗೆ ಮಾತ್ರ ಬೇರೆಯದೇ ಕುತೂಹಲ.

"ಅಲ್ರಿ, ಹೊಟ್ಟಿ ಸುದ್ದಿ ಕೊರಳಿಗೆ ಹೆಂಗ ಮುಟ್ಟಿತ್ರಿ?"

"ಹೊಟ್ಟಿ ಕಡಿಂದ ಒಂದು ಸಣ್ಣ ಕಾಲುವಿ ಮ್ಯಾಲ ಹತ್ತಿ ಬಂದು ಎಡಗಡಿ ಇಲ್ಲೇ ಕೂಡತೈತ್ರಿ. ಕೆಳಗ ಕೆಟ್ಟದ್ದು ಕೆಲವೊಮ್ಮೆ ಇಲ್ಲಿ ಬಂದು ನಿಲ್ಲತೈತಿ."

"ಮತ್ತ ಬಲಗಡಿ ಯಾಕ ಹೋಗೂದಿಲ್ರಿ?"

ಡಾಕ್ಟರಿಗೆ ನಗು ಬಂತು, ತಡೆದುಕೊಂಡರು. ಮಾವನನ್ನು ಹೊರಗೆ ಕರೆದು ಹೇಳಿದಾಗ ಅವರ ಮುಖದಲ್ಲಿ ನಗು ಇರಲಿಲ್ಲ. ಹೊಟ್ಟೆಯಲ್ಲಿ ಅರ್ಬುದ, ಅಂದರೆ ಕ್ಯಾನ್ಸರ್, ಕೈಮೀರಿದೆ ಎಂದರಂತೆ. ತಿರುಗಿ ಬರುವಾಗ ಬಸ್ಸಿನಲ್ಲಿ ಮಾವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅತ್ತೆ ನನ್ನ ಕುಪ್ಪಸದ ಅಂಚು ಸರಿಸಿ, ನನ್ನ ಗುಳಿಯಲ್ಲಿ ಬೆರಳಿಟ್ಟು, "ನಿಂದು ಖಾಲಿ ಐತಿ ನೋಡು," ಎಂದು ಸಂತೋಷಪಟ್ಟರು. ಮುಂದಿನ ಸುಗ್ಗಿಗೆ ಅವರಿರಲಿಲ್ಲ.

ನನ್ನ ಗುಳಿ ಇಂದಿಗೂ ಖಾಲಿಯೇ. ಇಷ್ಟು ಬರೆಯುವಷ್ಟರಲ್ಲಿ ಸೊಸೆ ತಾಟು ಹಿಡಿದು ಬಂದಳು.

"ಅತ್ತಿ, ಇವತ್ತೂ ಉಪವಾಸ ಏನ್ರಿ?"

ಈ ತಿಂಗಳಲ್ಲಿ ಎಷ್ಟೋ ಸಲ ಹೌದೆಂದಿದ್ದೇನೆ. ಈಗಲೂ ಅದೇ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಕೈ ಕರಡಿಗೆಯ ಮೇಲಿತ್ತು.

"ಇಲ್ಲವ್ವ," ಎಂದೆ. "ಊಟ ಸೇರವಲ್ದು. ನಾಳೆ ಗೋಕಾಕಕ್ಕ ಹೋಗೂಣು, ನೀನೂ ಬಾ."