ವರ್ನಾಳ ಎರೆಗೊಬ್ಬರ

ಕಡಲತಡಿಯ ಯುರೇಕಾ ಊರಿನಲ್ಲಿ ಬಯಲಿಗೆ ನೆಟ್ಟ ಗಾಂಜಾ ಗಿಡದ ಹೂವಿಗೆ ಕಡಲಿನ ಮಂಜು ಬೂಷ್ಟು ಹಿಡಿಸದೆ ಬಿಡುವುದಿಲ್ಲ. ಹಾಗಾಗಿ ವರ್ನಾ ಟಿಲ್ಸನ್ ತನ್ನ ಆರು ಗಿಡಗಳನ್ನು ಮನೆಯ ಹಿಂಬದಿಯ ಹೊಲಿಗೆ ಕೋಣೆಯಲ್ಲೇ ಬೆಳೆಸುತ್ತಿದ್ದಳು. ಕಿಟಕಿಗೆ ದಪ್ಪ ಕಂಬಳಿ, ಮೇಲೆ ದೀಪಗಳು, ಮೂಲೆಯಲ್ಲಿ ಸದಾ ತಿರುಗುವ ಫ್ಯಾನು. ಮನೆಗೆ ಆರು ಗಿಡ ಎಂದು ಅಲ್ಲಿನ ಕಾನೂನೇ ಒಪ್ಪಿದ್ದರಿಂದ ಯಾರ ಹೆದರಿಕೆಯೂ ಇರಲಿಲ್ಲ.

ಅವಳ ಗಂಡ ರಾಯ್ಸ್‌ಗೆ ಒಂದು ಕಾಲದಲ್ಲಿ ಆ ಗಿಡದ ಹೆಸರೆತ್ತಿದರೆ ಆಗುತ್ತಿರಲಿಲ್ಲ. ಮೂವತ್ತು ವರ್ಷ ಸಾಮಿಲ್ಲಿನಲ್ಲಿ ಗರಗಸದ ಮುಂದೆ ನಿಂತ ಆಳು. ಗುಡ್ಡದ ಮೇಲೆ ಗಾಂಜಾ ಬೆಳೆಯುವವರೆಲ್ಲ ಮೈಗಳ್ಳರು ಎಂದು ಜೀವಮಾನವಿಡೀ ಮೂದಲಿಸಿಕೊಂಡು ಬಂದವನು. ಅಂಥವನಿಗೆ ಅರವತ್ತೆರಡರಲ್ಲಿ ಮೂಳೆಯ ಕ್ಯಾನ್ಸರ್ ಬಂತು. ಆಸ್ಪತ್ರೆಯ ಮಾತ್ರೆ ನುಂಗಿದರೆ ಮಂಕು ಕವಿದು ಬಿದ್ದುಕೊಳ್ಳುವನು, ನುಂಗದಿದ್ದರೆ ನರಳುವನು. ಅನ್ನ ನೀರು ಸೇರದಂತಾದಾಗ, ಗುಡ್ಡದ ಡೆಲ್ಫೀನ್ ಎಂಬ ಪರಿಚಯದವಳು ಮೊದಲ ಎರಡು ಸಸಿ ತಂದುಕೊಟ್ಟು, ಹೂವಿನಿಂದ ಎಣ್ಣೆ ಇಳಿಸುವುದನ್ನೂ ಹೇಳಿಕೊಟ್ಟಳು.

ಗಿಡದ ಪೋಷಣೆಗೆ ವರ್ನಾ ಅಂಗಡಿಯ ಬಾಟಲಿ ಗೊಬ್ಬರ ಮುಟ್ಟಲಿಲ್ಲ. ಹಿತ್ತಲ ಕೊಟ್ಟಿಗೆಯಲ್ಲಿದ್ದ ಹಳೇ ಸ್ನಾನದ ತೊಟ್ಟಿಯಲ್ಲಿ ಎರೆಹುಳು ಸಾಕಿದಳು. ತರಕಾರಿ ಸಿಪ್ಪೆ, ಕಾಫಿ ಚರಟ, ಮೊಟ್ಟೆ ಚಿಪ್ಪು ಎಲ್ಲವನ್ನೂ ತಿಂದು ಅವು ಕಪ್ಪಗೆ, ರವೆಯಂಥ ಗೊಬ್ಬರ ಕೊಡುತ್ತಿದ್ದವು. ಮುಷ್ಟಿಯಲ್ಲಿ ಹಿಡಿದರೆ ಮಳೆ ಬಿದ್ದ ಕಾಡಿನ ವಾಸನೆ. ಗಿಡಗಳು ಕೋಣೆಯ ಎತ್ತರಕ್ಕೆ ಬೆಳೆದವು.

ಮೊದಲ ದಿನ ಎಣ್ಣೆ ನೆಕ್ಕಿದ ರಾಯ್ಸ್ ಒಂದು ಗಂಟೆಯ ನಂತರ ಆಲೂಗಡ್ಡೆ ಸಾರು ಕೇಳಿದ. ಎರಡು ಬಟ್ಟಲು ಕುಡಿದು, "ಮಿಲ್ಲಿನವರಿಗೆ ಮಾತ್ರ ಹೇಳ್ಬೇಡ ಕಣೇ. ಸತ್ತ ಮೇಲೂ ಆಡ್ಕೊಂಡು ನಗ್ತಾರೆ" ಎಂದ. ಆರು ತಿಂಗಳು ಎಂದಿದ್ದರು ವೈದ್ಯರು; ಅವನು ಎರಡು ವರ್ಷ ಬದುಕಿದ. ಕೊನೆಯ ಚಳಿಗಾಲದಲ್ಲಿ ಹೊಟ್ಟೆನೋವು, ಮರೆವು, ಬಾಯೆಲ್ಲ ಕಬ್ಬಿಣ ಕಬ್ಬಿಣ ಎಂಬ ಗೊಣಗಾಟ ಇತ್ತು. ಕಾಯಿಲೆ ಮುಗಿಸುವ ರೀತಿಯೇ ಹೀಗೆ ಎಂದುಕೊಂಡರು.

ರಾಯ್ಸ್ ಹೋದ ಮೇಲೂ ವರ್ನಾ ಗಿಡ ಬಿಡಲಿಲ್ಲ. ಬೆಳಿಗ್ಗೆ ಎದ್ದರೆ ನೀರುಣಿಸಲು ಏನಾದರೂ ಬೇಕಿತ್ತು. ಊರಲ್ಲಿ ನೋವುಣ್ಣುವ ಐದು ಮನೆಗೆ ಎಣ್ಣೆ ಪುಕ್ಕಟೆ ಕೊಟ್ಟು ಬರುತ್ತಿದ್ದಳು. ಪರವಾನಗಿ ಪಡೆದು ಬೆಳೆಯುತ್ತಿದ್ದ ಡೆಲ್ಫೀನ್ ಒಂದು ಸಲ ಆಸೆಪಟ್ಟು ಆ ಎರೆಗೊಬ್ಬರವನ್ನು ಕೇಳಿ ಒಯ್ದಳು.

ಅದೇ ಡೆಲ್ಫೀನ್ ಮೂರು ತಿಂಗಳ ನಂತರ ಬಂದು, ಕಾಫಿ ಬೇಡವೆಂದು, ಬಾಗಿಲಲ್ಲೇ ನಿಂತಳು. ಅವಳ ಬೆಳೆ ಮಾರಾಟಕ್ಕೆ ಮುಂಚಿನ ಲ್ಯಾಬ್ ಪರೀಕ್ಷೆಯಲ್ಲಿ ಫೇಲಾಗಿತ್ತು. ಮಣ್ಣು, ನೀರು, ಗೊಬ್ಬರ ಒಂದೊಂದನ್ನೇ ಮತ್ತೆ ಪರೀಕ್ಷೆಗೆ ಕಳಿಸಿದ್ದಳು.

"ನಿಮ್ಮ ಗೊಬ್ಬರದಲ್ಲಿ ಸೀಸ ಇದೆ, ವರ್ನಾ."

"ಸೀಸ ಎಲ್ಲಿಂದ ಬರುತ್ತೆ? ಅಡಿಗೆಮನೆ ಕಸ ಬಿಟ್ರೆ ನಾನು ಬೇರೇನೂ ಹಾಕಲ್ಲ."

ಇಬ್ಬರೂ ಕೊಟ್ಟಿಗೆಗೆ ಹೋದರು. ತೊಂಬತ್ತು ವರ್ಷದ ಹಲಗೆಗಳಿಂದ ಬಿಳಿ ಬಣ್ಣ ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿತ್ತು. ಹಿಂದಿನ ಕಾಲದ ಬಣ್ಣಕ್ಕೆ ಸೀಸ ಬೆರೆಸುತ್ತಿದ್ದರೆಂದು ಸಾಮಿಲ್ಲಿನವನ ಹೆಂಡತಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅವಳು ವಾರಕ್ಕೊಮ್ಮೆ ನೆಲ ಗುಡಿಸಿ, ಗುಡಿಸಿದ ದೂಳನ್ನು ತೊಟ್ಟಿಗೇ ಸುರಿಯುತ್ತಿದ್ದಳು. ಹುಳು ಎಲ್ಲವನ್ನೂ ತಿಂದು ಮಣ್ಣು ಮಾಡುತ್ತದೆ ಎಂದು ನಂಬಿದ್ದಳು. ತಿಂದಿದ್ದವು, ನಿಜ. ಸೀಸ ಮಾತ್ರ ಸೀಸವಾಗಿಯೇ ಹೊರಬಂದು, ಗಿಡಕ್ಕೇರಿ, ಎಣ್ಣೆಗಿಳಿದಿತ್ತು.

ಡೆಲ್ಫೀನ್ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ವರ್ನಾ ಮಾರನೆಯ ದಿನವೇ ರಾಯ್ಸ್‌ನನ್ನು ನೋಡಿದ್ದ ವೈದ್ಯೆಯ ಬಳಿ ಹೋಗಿ ಎಲ್ಲ ಹೇಳಿ, ಕೊನೆಯ ಚಳಿಗಾಲದ ಹೊಟ್ಟೆನೋವು ಕಾಯಿಲೆಯದೋ ತನ್ನ ಎಣ್ಣೆಯದೋ ಎಂದು ಕೇಳಿದಳು. ವೈದ್ಯೆ, "ಈಗ ಅದನ್ನ ಯಾರೂ ಹೇಳಕ್ಕಾಗಲ್ಲ" ಎಂದಳು.

ಐದೂ ಮನೆಗೆ ಅವಳೇ ಹೋದಳು. ಫೋನಿನಲ್ಲಿ ಹೇಳಿಬಿಡು ಎಂದು ಡೆಲ್ಫೀನ್ ಹೇಳಿದ್ದರೂ ಕೇಳಲಿಲ್ಲ. ಮೂರು ಮನೆಯವರು ಗಾಬರಿಯಾದರು, ಕೇಳಬೇಕಾದ್ದು ಕೇಳಿದರು, ರಕ್ತ ಪರೀಕ್ಷೆಗೆ ಹೊರಟರು. ನಾಲ್ಕನೆಯದು ಜನೀನ್ ಪ್ರುಯಿಟ್ಟಳ ಮನೆ. ಅವಳ ಮಗಳಿಗೆ ಹುಟ್ಟಿದಾಗಿನಿಂದ ಮೂರ್ಛೆರೋಗ; ದಿನಕ್ಕೆ ನಾಲ್ಕು ಸಲ ಬರುತ್ತಿದ್ದದ್ದು ಎಣ್ಣೆ ಶುರುವಾದ ಮೇಲೆ ವಾರಕ್ಕೊಂದಾಗಿತ್ತು. ಜನೀನ್ ಪೂರ್ತಿ ಕೇಳಿಸಿಕೊಂಡಳು.

"ಎಷ್ಟು ದಿನದಿಂದ?"

"ಮೊದಲಿಂದ್ಲೂ."

ಜನೀನ್ ಒಳಗೆ ಹೋಗಿ ಉಳಿದ ಎಣ್ಣೆ ಬಾಟಲಿಗಳನ್ನು ಚೀಲದಲ್ಲಿ ತುಂಬಿ ತಂದು ಮೆಟ್ಟಿಲ ಮೇಲಿಟ್ಟು ಬಾಗಿಲು ಹಾಕಿಕೊಂಡಳು. ಆ ಹುಡುಗಿಯ ರಕ್ತದಲ್ಲಿ ಸೀಸ ಹೆಚ್ಚಿದೆ, ಔಷಧಿ ಶುರುವಾಗಿದೆ, ಮೂರ್ಛೆ ಮತ್ತೆ ಮೊದಲಿನಂತೆ ಬರುತ್ತಿದೆ ಎಂದು ಬೇರೆಯವರ ಬಾಯಿಂದ ತಿಳಿಯಿತು. ಎದುರು ಸಿಕ್ಕರೂ ಜನೀನ್ ವರ್ನಾಳನ್ನು ಮಾತಾಡಿಸಲಿಲ್ಲ. ಇಂದಿಗೂ ಇಲ್ಲ.

ಕೊನೆಯ ಮನೆ ವೆಂಡೆಲ್ ಓಕ್ಸ್‌ನದು. ಎಂಬತ್ತೊಂದು ವರ್ಷದ ಮುದುಕ, ಮರ ಬಿದ್ದು ಸೊಂಟ ಮುರಿದವನು. ಸುದ್ದಿ ಕೇಳಿ ಕೈ ಚಾಚಿದ.

"ಇರೋದನ್ನ ಕೊಟ್ಟು ಹೋಗು. ಸೀಸ ನನ್ನ ಕೊಲ್ಲೋಕೆ ಇನ್ನು ಹತ್ತು ವರ್ಷ ಬೇಕು. ಅಷ್ಟು ಪುರುಸೊತ್ತು ನನಗೆಲ್ಲಿದೆ?"

"ಕೊಡಲ್ಲ ವೆಂಡೆಲ್."

"ನಿನ್ನ ಗಂಡ ಇದ್ದಿದ್ರೆ ಕೊಡಿಸ್ತಿದ್ದ."

ಆ ಮಾತಿಗೆ ಅವಳು ಅಲ್ಲೇ ಕೂತು, ರಾಯ್ಸ್ ಸತ್ತಾಗಲೂ ಅಳದಷ್ಟು ಅತ್ತಳು. ಮುದುಕ ಗಲಿಬಿಲಿಗೊಂಡು, ತಾನು ತಮಾಷೆಗೆ ಅಂದದ್ದು ಎಂದು ಮತ್ತೆ ಮತ್ತೆ ಹೇಳಿದ.

ವಿಷದ ಕಸ ತೆಗೆಯುವ, ಮೈಮುಚ್ಚುವ ಬಿಳಿ ದಿರಿಸಿನ ಕೆಲಸಗಾರರು ಬಂದು ಕೊಟ್ಟಿಗೆಯನ್ನು ಕಳಚಿ, ಗೊಬ್ಬರವನ್ನು ಹುಳುಗಳ ಸಮೇತ ಡಬ್ಬಗಳಲ್ಲಿ ತುಂಬಿ ಮುಚ್ಚಳ ಬಿಗಿದು ಒಯ್ದರು. ಹುಳುಗಳನ್ನು ತೋಟಕ್ಕೂ ಬಿಡುವಂತಿಲ್ಲ ಎಂದರು. ಗಿಡಗಳನ್ನು ವರ್ನಾಳೇ ಕಿತ್ತುಕೊಟ್ಟಳು. ಡೆಲ್ಫೀನ್ ಹೊಸ ಹುಳು, ಹೊಸ ಮಣ್ಣು ಕೊಡುತ್ತೇನೆಂದು ಎರಡು ಸಲ ಹೇಳಿ, ಆಮೇಲೆ ಹೇಳುವುದನ್ನು ಬಿಟ್ಟಳು.

ಎಣ್ಣೆ ನಿಂತ ಮೇಲೆ ವೆಂಡೆಲ್‌ನ ಸೊಂಟ ಮತ್ತೆ ಕಾಡತೊಡಗಿತು. ಅಂಗಡಿಯ ಎಣ್ಣೆ ಅವನಿಗೆ ಹಿಡಿಸಲಿಲ್ಲ. ವರ್ನಾ ದಿನವೂ ಮಧ್ಯಾಹ್ನ ಹೋಗಿ ಅಡಿಗೆ ಮಾಡಿಟ್ಟು, ಅವನ ಬೆನ್ನಿಗೆ ಬಿಸಿನೀರಿನ ಚೀಲ ಕೊಡುತ್ತಾಳೆ. ನೋವು ಜಾಸ್ತಿಯಾದ ದಿನ ಅವನು ಅವಳನ್ನು ಬಾಯಿಗೆ ಬಂದಂತೆ ಬೈಯುತ್ತಾನೆ. ಅವಳು ಬೈಸಿಕೊಳ್ಳುತ್ತ ಕೂತಿರುತ್ತಾಳೆ.