ಚೌಕದಾಚೆಯ ಬೆಳಕು

ನನ್ನ ಪಿಎಚ್‌ಡಿ ಗೈಡ್ ಮೇಡಂ ಅವರ ಸೆರಗಿನ ತುಂಬ ಸಾಸಿವೆ ಕಾಳಿನಷ್ಟು ತೂತುಗಳಿರುತ್ತಿದ್ದವು, ಆಸಿಡ್ ಸಿಡಿದ ಗುರುತು. ಅವರು ಹುಟ್ಟಿದ್ದು ಶಿಡ್ಲಘಟ್ಟದಲ್ಲಿ, ರೇಷ್ಮೆ ನೂಲು ತೆಗೆಯುವವರ ಮನೆಯಲ್ಲಿ. ಲ್ಯಾಬಿಗೆ ಉಡುತ್ತಿದ್ದುದು ಮಾತ್ರ ಹಳೇ ಹತ್ತಿ ಸೀರೆ. ಗಂಧಕದ ದ್ರಾವಣ ಕಾಯುವಾಗ ಕೊಳೆತ ಮೊಟ್ಟೆಯಂಥ ನಾತಕ್ಕೆ ನಾವು ಮೂಗು ಮುಚ್ಚಿಕೊಂಡರೆ ನಗುತ್ತಿದ್ದರು. "ರೇಷ್ಮೆ ಗೂಡು ಬೇಯಿಸೋ ಮನೇಲಿ ಬೆಳೆದಿದ್ರೆ ಇದು ನಿಮಗೆ ಊದುಬತ್ತಿ ಥರ ಇರ್ತಿತ್ತು!"

ಚಿಕ್ಕಬಳ್ಳಾಪುರದ ಕಾಲೇಜಿನ ಆ ಪುಟ್ಟ ಲ್ಯಾಬಿನಲ್ಲಿ ನಾವು ಮಾಡುತ್ತಿದ್ದುದು ಸೌರಕೋಶ. ತವರದ ಸಲ್ಫೈಡ್ ಎಂಬ, ಪದರ ಪದರವಾಗಿ ಬೆಳೆಯುವ ಅರೆವಾಹಕವನ್ನು ಗಾಜಿನ ಮೇಲೆ ತೆಳ್ಳಗೆ ಕೂರಿಸಬೇಕು. ಪದರ ಕೂತ ಮೇಲೆ ಮೇಡಂ ಮೊದಲು ಗಾಜಿನ ಒಂದು ಮೂಲೆಗೆ ಅಂಟುಟೇಪು ಹಚ್ಚಿ ಸರ್ರನೆ ಕೀಳುತ್ತಿದ್ದರು. ಟೇಪಿನ ಜೊತೆ ಪದರ ಎದ್ದು ಬಂತೋ, ನನ್ನ ಕೆಲಸವೆಲ್ಲ ಸಿಂಕಿಗೆ. "ಒಬ್ಬಟ್ಟು ಕಾವಲಿಗೆ ಅಂಟಬಾರ್ದು, ಇದು ಗಾಜಿಗೆ ಅಂಟ್ಬೇಕು ಕಣಮ್ಮ, ಅಷ್ಟೇ."

ಬೆಳಕನ್ನು ವಿದ್ಯುತ್ತಾಗಿಸುವ ದಕ್ಷತೆಗೆ ಕೊನೆಗೊಮ್ಮೆ ಒಳ್ಳೆಯ ಅಂಕಿ ಬಂತು. ಸಂಶೋಧನಾ ಪತ್ರಿಕೆಯೊಂದರಲ್ಲಿ ನಮ್ಮಿಬ್ಬರ ಹೆಸರಿನಲ್ಲಿ ಪ್ರಬಂಧ ಅಚ್ಚಾಯಿತು. ಮೇಡಂ ವರ್ಷಗಟ್ಟಲೆ ಕಾದಿದ್ದ ಪ್ರೊಫೆಸರ್ ಹುದ್ದೆಗೆ ಅದೇ ಪ್ರಬಂಧದ ಬಲದಿಂದ ಸಂದರ್ಶನದ ಕರೆಯೂ ಬಂತು.

ಸಂದರ್ಶನಕ್ಕೆ ಇನ್ನೇನು ಕೆಲವೇ ದಿನಗಳಿದ್ದವು. ನಾನು ಹೊಸ ಕೋಶವೊಂದನ್ನು ದೀಪದಡಿ ಇಟ್ಟು ಅಳೆಯುತ್ತಿದ್ದೆ. ಗಾಜಿನ ನಡುವೆ ಬೆಳ್ಳಿ ಬಣ್ಣದ ಸಣ್ಣ ಚೌಕ. ವಿದ್ಯುತ್ತು ಅಷ್ಟು ಜಾಗದಿಂದ ಮಾತ್ರ ಬರುತ್ತದೆಂದೇ ನಮ್ಮ ಲೆಕ್ಕ. ಮೇಡಂ ಏನನ್ನೋ ತೋರಿಸಲು ಕೈ ಚಾಚಿದಾಗ ಬೆರಳಿನ ನೆರಳು ಚೌಕದ ಆಚೆ ಬಿತ್ತು. ಮೀಟರಿನ ಅಂಕಿ ಇಳಿಯಿತು. ಅವರು ಕೈ ಹಿಂತೆಗೆದರು, ಮತ್ತೆ ಚಾಚಿದರು. ಮತ್ತೆ ಇಳಿಯಿತು. ಕಪ್ಪು ಕಾಗದದಲ್ಲಿ ಚೌಕದಷ್ಟೇ ಕಿಂಡಿ ಕತ್ತರಿಸಿ ಗಾಜಿನ ಮೇಲಿಟ್ಟರು. ಅಂಕಿ ಅರ್ಧಕ್ಕರ್ಧ ಕುಸಿಯಿತು. ಸುತ್ತಲಿನ ಗಾಜಿಗೆ ಬಿದ್ದ ಬೆಳಕಿನ ವಿದ್ಯುತ್ತನ್ನೂ ನಾವು ಆ ಚೌಕದ ಖಾತೆಗೇ ಹಾಕಿದ್ದೆವು. ಅಚ್ಚಾದ ಪ್ರಬಂಧದಲ್ಲೂ ಹಾಗೆಯೇ.

ನಾನು ಅತ್ತುಬಿಟ್ಟೆ. "ಅಳೋದಾದ್ರೆ ಆಚೆ ಹೋಗಿ ಅತ್ತು ಬಾಮ್ಮ, ಗಾಜಿನ ಮೇಲೆ ಉಪ್ಪು ಬಿದ್ದಾತು" ಎಂದರು. ಸಂದರ್ಶನ ಮುಗಿದ ಮೇಲೆ ಪತ್ರಿಕೆಗೆ ತಿಳಿಸೋಣ ಎಂದು ಸಹೋದ್ಯೋಗಿಯೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮೇಡಂ ಕೇಳಲಿಲ್ಲ. "ಆಮೇಲೆ ಹೇಳಿದ್ರೆ ಅದು ಕಳ್ಳತನ ಆಗುತ್ತೆ."

ಪ್ರಬಂಧ ಹಿಂತೆಗೆಯುವ ಪತ್ರವನ್ನು ನನ್ನಿಂದಲೇ ಟೈಪು ಮಾಡಿಸಿದರು. "ತಪ್ಪು ನಂದು ಅಂತ ಹಾಕು."

"ಅಳೆದಿದ್ದು ನಾನಲ್ವಾ ಮೇಡಂ?"

"ಹೇಳ್ಕೊಟ್ಟಿದ್ದು ನಾನು. ನನಗೆ ಕೆಲ್ಸ ಇದೆ. ನಿನಗಿನ್ನೂ ಸಿಗ್ಬೇಕು. ಸುಮ್ನೆ ಟೈಪ್ ಮಾಡು."

ಹುದ್ದೆ ಬೇರೆಯವರಿಗೆ ಹೋಯಿತು. ಸಣ್ಣ ಅಂಕಿಯ, ಸರಿಯಾದ ಅಳತೆಯ ನನ್ನ ಪಿಎಚ್‌ಡಿ ತಡವಾಗಿ ಮುಗಿಯಿತು. ಗೌರಿಬಿದನೂರಿನಲ್ಲಿ ನನಗೆ ಕೆಲಸವೂ ಸಿಕ್ಕಿತು. ಇವತ್ತು ನಾನು ಉಣ್ಣುತ್ತಿರುವ ಅನ್ನ ಅವರದು.

ಹೋದ ವರ್ಷ ಮೇಡಂ ತೀರಿಕೊಂಡರು. ಕಾಲೇಜಿನವರು ಕಟ್ಟಿದ್ದ ಶ್ರದ್ಧಾಂಜಲಿ ಬ್ಯಾನರಿನಲ್ಲಿ ಅವರ ಹೆಸರಿನ ಹಿಂದೆ 'ಪ್ರೊಫೆಸರ್' ಎಂದಿತ್ತು. ಆ ಹುದ್ದೆ ಅವರಿಗೆ ಕೊನೆಯವರೆಗೂ ಸಿಕ್ಕಿರಲಿಲ್ಲ. ಅವರಿದ್ದಿದ್ದರೆ ನಿಂತ ಕಾಲಲ್ಲೇ ತೆಗೆಸುತ್ತಿದ್ದರು. ಸರಿಪಡಿಸಬೇಕಾ ಎಂದು ಅಲ್ಲಿದ್ದವರು ನನ್ನನ್ನೇ ಕೇಳಿದರು. ಬೇಡ, ಹಾಗೇ ಇರಲಿ ಎಂದೆ.