ಹಂಪಾಪುರದ ಸಣ್ಣತಾಯಮ್ಮ, ರಾಮ, ಭೀಮ

ಹುಣಸೂರಿನ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸ್ "ಹಂಪಾಪುರದ ಸಣ್ಣತಾಯಮ್ಮ" ಎಂದು ಕೂಗಿದ್ದೇ ತಡ, ನನ್ನ ಬಾಯಿಂದ ತಾನಾಗಿ "ರಾಮ, ಭೀಮ ಮತ್ತು ಮನೆಯವರೆಲ್ಲ" ಎಂದು ಬಂದುಬಿಟ್ಟಿತು. ಎದ್ದು ಒಳಗೆ ಹೊರಟಿದ್ದ ಅಜ್ಜಿ ತಿರುಗಿ ನನ್ನನ್ನೇ ನೋಡಿದರು.

ನಾನು ಭೇರ್ಯದಲ್ಲಿ ಹುಡುಗಿಯಾಗಿದ್ದಾಗ ಮೈಸೂರಿನ ರೇಡಿಯೋದಲ್ಲಿ ಹಾಡು ಹಾಕುವ ಮುಂಚೆ, ಅದು ಬೇಕೆಂದು ಕಾರ್ಡು ಬರೆದವರ ಹೆಸರು ಓದುತ್ತಿದ್ದರು. ಹಂಪಾಪುರದ ಈ ಹೆಸರುಗಳು ವಾರ ತಪ್ಪದೆ ಬರುತ್ತಿದ್ದವು. ನನ್ನದು ಒಮ್ಮೆಯೂ ಬರಲಿಲ್ಲ. ಹೆಣ್ಣುಮಕ್ಕಳ ಹೆಸರನ್ನು ಊರಿಗೆಲ್ಲ ಕೂಗಿಸುವುದೇ ಎಂದು ಅಪ್ಪ ಕಾರ್ಡು ಹಾಕಲು ಬಿಡಲೇ ಇಲ್ಲ.

ಅಜ್ಜಿ ಕಣ್ಣು ತೋರಿಸಿಕೊಂಡು ಬಂದ ಮೇಲೆ ಇದನ್ನೆಲ್ಲ ಹೇಳಿ, "ನಿಮ್ಮ ಗಂಡುಮಕ್ಕಳು ರಾಮ, ಭೀಮ ಚೆನ್ನಾಗಿದ್ದಾರಾ?" ಎಂದು ಕೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ ನನ್ನವ್ವ, ಅವು ನಮ್ ಎತ್ಗಳು ಕಣವ್ವ! ಉಳುವಾಗ ನಮ್ ಜೊತೆ ರೇಡಿಯಾ ಕೇಳೋವು. ಅವ್ಕೂ ಒಂದು ಹಾಡು ಬ್ಯಾಡ್ವಾ?"

ಎತ್ತುಗಳ ಹೆಸರೂ ರೇಡಿಯೋದಲ್ಲಿ ಬಂದಿದೆ, ನನ್ನದು ಬಂದಿಲ್ಲವಲ್ಲ ಎಂದು ನನಗೆ ನಗುವೂ ಬಂತು, ಸಿಟ್ಟೂ ಬಂತು. ಅಜ್ಜಿಗೆ ಅದು ಗೊತ್ತಾಯಿತೋ ಏನೋ, ನನ್ನ ಕೈ ಹಿಡಿದುಕೊಂಡರು. "ನಾನು ಈಗ್ಲೂ ಫೋನ್ ಮಾಡಿ ಹಾಡು ಹಾಕಿಸ್ತೀನಿ ಕಣ್ ಮಗ. ನಿನ್ ಹೆಸ್ರೇನವ್ವ?"

ಕಳೆದ ಭಾನುವಾರ ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದೆ. "ಹಂಪಾಪುರದ ಸಣ್ಣತಾಯಮ್ಮ, ಭೇರ್ಯದ ಜಯಲಕ್ಷ್ಮಿ" ಎಂದಿತು ರೇಡಿಯೋ. ಹೆಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ಆಮೇಲೆ ಯಾವ ಹಾಡು ಹಾಕಿದರೋ, ನನಗೆ ಕೇಳಿಸಲೇ ಇಲ್ಲ.